ಪಿನ್ ಇಲ್ಲದ ವೇಷ

ಅವನಿಗೆ ಆಗ ಮೂರೂವರೆ ವರ್ಷ. ಕೃಷ್ಣಾಷ್ಟಮಿಯ ಹಿಂದಿನ ದಿನ ನಮ್ಮ ಶಾಲೆಯಲ್ಲಿ ಮುದ್ದುಕೃಷ್ಣ ಸ್ಪರ್ಧೆ. ಬೆಳಿಗ್ಗೆ ಎಂಟೂವರೆಗೇ ಅವನ ಅಮ್ಮ ಅವನನ್ನು ಎತ್ತಿಕೊಂಡು ಬಂದರು. ನಡೆಸಿದರೆ ಪಂಚೆ ಬಿಚ್ಚಿಹೋಗುತ್ತೆ ಅಂತ. ಹಳದಿ ರೇಷ್ಮೆ ಪಂಚೆಗೆ ಕಚ್ಚೆ ಹಾಕಿ, ಸೊಂಟದ ಸುತ್ತ ಏಳೆಂಟು ಸೇಫ್ಟಿ ಪಿನ್ ಚುಚ್ಚಿದ್ದರು. ಅದರ ಮೇಲೆ ಡಾಬು. ತಲೆಗೆ ಬಾಡಿಗೆ ಕಿರೀಟ. ಅದು ದೊಡ್ಡದಾಗಿತ್ತು, ಹಾಗಾಗಿ ಒಳಗೆ ಬಟ್ಟೆ ತುರುಕಿದ್ದರು. ಮೈಗೆಲ್ಲ ನೀಲಿ ಬಣ್ಣ. ಎಷ್ಟು ಚೆನ್ನಾಗಿ ಕಾಣುತ್ತಿದ್ದ ಅಂದರೆ ನಾವು ಟೀಚರ್‌ಗಳೆಲ್ಲ ಸುತ್ತ ನಿಂತು ಫೋಟೋ ತೆಗೆಸಿಕೊಂಡೆವು.

ಅತಿಥಿಗಳು ಬರೋದು ತಡವಾಯಿತು. ಕಾರ್ಯಕ್ರಮ ಶುರುವಾಗುವಾಗ ಹನ್ನೊಂದು. ಅವನ ನಂಬರ್ 19. ಹನ್ನೊಂದೂವರೆ ಹೊತ್ತಿಗೆ ನನ್ನ ಸೆರಗು ಎಳೆದು "ಮಿಸ್, ಸುಸ್ಸು" ಅಂದ. "ಇನ್ನು ಎರಡೇ ನಂಬರ್ ಪುಟ್ಟಾ, ತಡ್ಕೋ" ಅಂದೆ. ಆ ಪಿನ್‌ಗಳನ್ನು ಬಿಚ್ಚಿದರೆ ಮತ್ತೆ ಹಾಗೇ ಹಾಕೋದು ನನಗೆ ಗೊತ್ತಿರಲಿಲ್ಲ. ಅವನು ಪಾಪ ತಡೆದುಕೊಂಡ. ವೇದಿಕೆ ಹತ್ತಿದ ಮೇಲೆ ಆಗಲಿಲ್ಲ. ಕೊಳಲನ್ನು ಎದೆಗೊತ್ತಿಕೊಂಡು ಕೆಳಗೆ ನೋಡುತ್ತ ನಿಂತುಬಿಟ್ಟ. ಕಾಲ ಮೇಲಿನ ನೀಲಿ ಬಣ್ಣ ಗೆರೆಗೆರೆಯಾಗಿ ಇಳಿಯಿತು. ಸಭೆಯಲ್ಲಿ ಕೆಲವರು ನಕ್ಕರು. ಅವನು ಅಳಲೂ ಇಲ್ಲ.

ಎರಡು ವಾರ ಶಾಲೆಗೆ ಬರಲಿಲ್ಲ. ನಾನು ಮನೆಗೆ ಹೋದಾಗ ಅವನ ಅಮ್ಮ ಬಯ್ಯಲಿಲ್ಲ. "ನಾನೇ ಅಷ್ಟು ಪಿನ್ ಹಾಕಬಾರದಿತ್ತು ಮಿಸ್" ಅಂದರು. ತಪ್ಪು ಅವರದ್ದಾಗಿರಲಿಲ್ಲ. ಸ್ಪರ್ಧೆ ಇದೆ, ಬಹುಮಾನ ಇದೆ, ಪೂರ್ತಿ ವೇಷದಲ್ಲಿ ಕಳಿಸಿ ಅಂತ ಚೀಟಿ ಬರೆದವಳು ನಾನು. ತಡ್ಕೋ ಅಂದವಳೂ ನಾನೇ.

ಇದಾಗಿ ಒಂಬತ್ತು ವರ್ಷವಾಯಿತು. ನಾನು ಈಗಲೂ ಸಾಗರದ ಕಡೆ ಪುಟ್ಟ ಮಕ್ಕಳಿಗೇ ಪಾಠ ಮಾಡುತ್ತೇನೆ. ಮೂರರಿಂದ ಐದು ವರ್ಷದ 22 ಮಕ್ಕಳು. ವೇಷದ ದಿನವನ್ನು ನಿಲ್ಲಿಸಿಬಿಡೋಣ ಅಂತ ಒಂದು ವರ್ಷ ಪೂರ್ತಿ ಯೋಚಿಸಿದ್ದೆ. ಆದರೆ ಮಕ್ಕಳು ನಿಲ್ಲಿಸಲಿಲ್ಲ. ಆಯಮ್ಮನ ಟವೆಲ್ ತಲೆಗೆ ಸುತ್ತಿಕೊಂಡು ರಾಜ ಆಗುತ್ತಿದ್ದರು. ನನ್ನ ಕನ್ನಡಕ ಹಾಕಿಕೊಂಡು ನಾನೇ ಆಗುತ್ತಿದ್ದರು. ವೇಷ ಅವರಿಗೆ ಬೇಕು. ಬೇಡವಾಗಿದ್ದು ನಾವು ಮಾಡುತ್ತಿದ್ದ ರೀತಿ.

ಆಗಿನಿಂದ ವೇಷದ ದಿನ ಯೋಚಿಸುವಾಗ ನಾನು ಮೊದಲು ಕೇಳಿಕೊಳ್ಳೋದು ಒಂದೇ ಪ್ರಶ್ನೆ. ಇದನ್ನು ಹಾಕಿಕೊಂಡು ಮಗು ಏನು ಆಡುತ್ತೆ?

ತರಕಾರಿ ದಿನ ಅಂತ ಮಾಡುತ್ತೀವಲ್ವಾ. ಚಾರ್ಟ್ ಪೇಪರ್‌ನಲ್ಲಿ ದೊಡ್ಡ ಟೊಮೆಟೊ ಕತ್ತರಿಸಿ ಮಗುವಿನ ಹಿಂದೆ ಮುಂದೆ ಕಟ್ಟುತ್ತೇವೆ. ಮಗು ಕೂರುವ ಹಾಗಿಲ್ಲ, ಕೈ ಮಡಚುವ ಹಾಗಿಲ್ಲ. "ನಾನು ಟೊಮೆಟೊ, ನನ್ನಲ್ಲಿ ವಿಟಮಿನ್ ಇದೆ" ಅಂತ ಹೇಳಿ ಇಳಿಯಬೇಕು. ಆಮೇಲೆ ಟೊಮೆಟೊ ಏನು ಮಾಡಬೇಕು? ಮಾಡಲು ಏನೂ ಇಲ್ಲ. ಅದೇ ಮಗುವಿಗೆ ತಲೆಗೊಂದು ಸಿಂಬಿ, ಒಂದು ಬುಟ್ಟಿ, ನಾಲ್ಕು ನಿಜವಾದ ಟೊಮೆಟೊ ಕೊಡಿ. "ಟಮಾಟೋ… ಟಮಾಟೋ…" ಅಂತ ತರಗತಿ ಪೂರ್ತಿ ಸುತ್ತಿ ಬರುತ್ತೆ. ಕೇಜಿಗೆ ಎಷ್ಟು ಅಂದರೆ "ಹತ್ತು, ನೂರು" ಅನ್ನುತ್ತೆ. ಚೌಕಾಸಿ ಮಾಡಿದರೆ ಕೋಪ ಮಾಡಿಕೊಳ್ಳುತ್ತೆ. ಇಷ್ಟರಲ್ಲಿ ಎಷ್ಟು ಮಾತು, ಎಷ್ಟು ಲೆಕ್ಕ ಬಂದುಹೋಯಿತು ನೋಡಿ.

ನಮ್ಮ ಕಡೆಗೆ ವೇಷ ಹೊಸದೇನಲ್ಲ. ಯಕ್ಷಗಾನದ ಊರುಗಳು ಇವು. ಘಟ್ಟ ಇಳಿದರೆ ನವರಾತ್ರಿಯಲ್ಲಿ ಹುಲಿವೇಷ, ಅಷ್ಟಮಿಯ ಮರುದಿನ ಉಡುಪಿಯ ವಿಟ್ಲಪಿಂಡಿ ಉತ್ಸವದಲ್ಲೂ ಹುಲಿವೇಷ. ಇವುಗಳಲ್ಲೆಲ್ಲ ವೇಷ ಕಟ್ಟಿದವನು ಸುಮ್ನೆ ನಿಂತು "ನಾನು ಹುಲಿ" ಅಂತ ಹೇಳಿ ಹೋಗಲ್ಲ. ತಾಸೆ ಅನ್ನುವ ಚರ್ಮವಾದ್ಯದ ಬಡಿತಕ್ಕೆ ಕುಣಿಯುತ್ತಾನೆ. ಯಕ್ಷಗಾನದ ಪೂರ್ವರಂಗದಲ್ಲಿ ಬಾಲಗೋಪಾಲ ವೇಷ ಬರುತ್ತಲ್ಲ, ಕಲಿಯುವ ಹುಡುಗರು ಹಾಕುವ ಕೃಷ್ಣ ಬಲರಾಮರ ವೇಷ, ಅವೂ ಕುಣಿಯಲೆಂದೇ ಬರುವ ವೇಷ. ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ, ಹೋಗಿ ನೋಡಿದರೆ ದೊಡ್ಡ ದೊಡ್ಡ ಕಲಾವಿದರು ಕನ್ನಡಿ ಹಿಡಿದು ತಮ್ಮ ಮುಖಕ್ಕೆ ತಾವೇ ಬಣ್ಣ ಬರೆದುಕೊಳ್ಳುತ್ತಿರುತ್ತಾರೆ. ವೇಷ ಅಲ್ಲಿಂದಲೇ ಶುರುವಾಗುತ್ತೆ. ನಮ್ಮ ಶಾಲೆಗಳ ಛದ್ಮವೇಷದಲ್ಲಿ ಈ ಎರಡೂ ಕಳೆದುಹೋದವು ಅಂತ ನನಗೆ ಅನ್ನಿಸುತ್ತೆ. ಮಗು ತಾನೇ ಹಾಕಿಕೊಳ್ಳಲ್ಲ, ಹಾಕಿಕೊಂಡು ಆಡುವುದೂ ಇಲ್ಲ.

ಹಾಗಾಗಿ ಬೇರೆ ತರ ಶುರುಮಾಡಿದೆವು. ಮೊದಲು ಹೇಳಬೇಕಾದದ್ದು ಮಳೆ ವೇಷದ ದಿನದ ಬಗ್ಗೆ. ನನಗೆ ತುಂಬ ಇಷ್ಟವಾದದ್ದು ಅದೇ.

ಜುಲೈ ಕೊನೆ ಅಂದರೆ ಪುಷ್ಯ ಮಳೆ. ಗದ್ದೆಯಲ್ಲಿ ನಾಟಿ. ತರಗತಿಯೊಳಗೆ ಹಗಲಲ್ಲೇ ದೀಪ ಬೇಕು. ಮಕ್ಕಳ ಬಟ್ಟೆ ಒಣಗಲ್ಲ, ಹೊರಗೆ ಬಿಡುವ ಹಾಗಿಲ್ಲ, ಎಲ್ಲರಿಗೂ ಸಿಡಿಮಿಡಿ. ಮೊದಲೆಲ್ಲ ಈ ತಿಂಗಳಲ್ಲಿ ವೇಷದ ದಿನ ಇಡುತ್ತಲೇ ಇರಲಿಲ್ಲ. ಕ್ರೇಪ್ ಪೇಪರ್ ಬಣ್ಣ ಬಿಡುತ್ತೆ, ಚಾರ್ಟ್ ಪೇಪರ್ ಮೆತ್ತಗಾಗುತ್ತೆ. ಒಂದು ದಿನ ಶಾಲೆಗೆ ಬರುವಾಗ ರಸ್ತೆ ಪಕ್ಕದ ಗದ್ದೆಯಲ್ಲಿ ಒಬ್ಬರು ತಲೆ, ಬೆನ್ನು ಮುಚ್ಚುವ ಪ್ಲಾಸ್ಟಿಕ್ ಚೀಲದ ಕೊಪ್ಪೆ ಹಾಕಿಕೊಂಡು ಬದು ಕಡಿಯುತ್ತಿದ್ದರು. ಆಗ ಹೊಳೆಯಿತು. ಮಳೆಗೆ ಅಂತಲೇ ಹುಟ್ಟಿದ ಉಡುಪು ನಮ್ಮಲ್ಲೇ ಇದೆಯಲ್ಲ. ಗೊರಬು, ಕಂಬಳಿ ಕೊಪ್ಪೆ, ಅಡಿಕೆ ಹಾಳೆಯ ಟೊಪ್ಪಿ.

ಮಲೆನಾಡಿನ ಹೊರಗಿನವರಿಗೆ ಗೊರಬು ಗೊತ್ತಿರಲಿಕ್ಕಿಲ್ಲ. ಬಿದಿರ ಸೀಳಿನ ನಡುವೆ ಒಣ ಎಲೆ ಒತ್ತಿ ಹೆಣೆದ ಹೊದಿಕೆ ಅದು. ತಲೆಯಿಂದ ಸೊಂಟದವರೆಗೆ ಬೆನ್ನ ಮೇಲೆ ಆಮೆಯ ಚಿಪ್ಪಿನ ಹಾಗೆ ಕೂರುತ್ತೆ. ನಾಟಿ ಮಾಡುವ ಹೆಂಗಸರು ಅದನ್ನು ಹಾಕಿಕೊಳ್ಳುತ್ತಿದ್ದರು. ಎರಡು ಕೈಯೂ ಖಾಲಿ, ಬೆನ್ನು ಬೆಚ್ಚಗೆ. ಗಂಡಸರಿಗೆ ಕಂಬಳಿ. ಈಗ ಎಲ್ಲದರ ಜಾಗಕ್ಕೂ ಪ್ಲಾಸ್ಟಿಕ್ ಬಂದಿದೆ. ಗೊರಬು ಹೆಣೆಯುವವರೂ ಕಡಿಮೆಯಾಗಿದ್ದಾರೆ.

ಮನೆಗಳಿಗೆ ಚೀಟಿ ಕಳಿಸಿದೆವು. ಏನೂ ಕೊಂಡುಕೊಳ್ಳಬೇಡಿ. 25 ಕೇಜಿ ಅಕ್ಕಿಯ ಖಾಲಿ ಚೀಲ ಒಂದನ್ನು ತೊಳೆದು ಒಣಗಿಸಿ ಕಳಿಸಿ. ಗೊಬ್ಬರದ ಚೀಲ ಬೇಡ, ಎಷ್ಟು ತೊಳೆದಿದ್ದರೂ ಬೇಡ. ಮನೆಯಲ್ಲಿ ಹಳೇ ಗೊರಬು, ಕಂಬಳಿ ಇದ್ದರೆ ತಿಳಿಸಿ. ಅಜ್ಜ ಅಜ್ಜಿಗೆ ಬಿಡುವಿದ್ದರೆ ಅವರೂ ಬರಲಿ. ಅಷ್ಟೇ ಬರೆದದ್ದು. ಗೊಬ್ಬರದ ಚೀಲದ ವಿಷಯ ಬಿಡಿಸಿ ಬರೆಯಲು ಕಾರಣವಿತ್ತು. ನಮ್ಮ ಕಡೆ ಕೊಪ್ಪೆ ಅಂದರೆ ಕೈಗೆ ಮೊದಲು ಸಿಗೋದೇ ಯೂರಿಯಾ ಚೀಲ.

ಮಕ್ಕಳು ದಿನನಿತ್ಯದ ಬಟ್ಟೆಯಲ್ಲೇ ಬಂದರು. ವೇಷ ಕಟ್ಟಿದ್ದು ಶಾಲೆಯಲ್ಲಿ, ಮಕ್ಕಳೇ. ಕೊಪ್ಪೆ ಮಾಡೋದು ಎಷ್ಟು ಸುಲಭ ಅಂದರೆ, ಚೀಲದ ಅಡಿಯ ಒಂದು ಮೂಲೆಯನ್ನು ಒಳಕ್ಕೆ ತಳ್ಳಿ ಇನ್ನೊಂದು ಮೂಲೆಗೆ ಕೂಡಿಸಿದರೆ ಆಯಿತು. 25 ಕೇಜಿ ಚೀಲ ನಾಲ್ಕು ವರ್ಷದ ಮಗುವಿಗೆ ಅಳತೆ ಕೊಟ್ಟು ಮಾಡಿದಂತೆ ಇರುತ್ತೆ. ಮುಖ ಪೂರ್ತಿ ತೆರೆದಿರುತ್ತೆ, ಕಟ್ಟಲು ದಾರ ಬೇಡ, ತಲೆ ಬಗ್ಗಿಸಿದರೆ ತಾನೇ ಜಾರಿ ಬೀಳುತ್ತೆ. ಮೊದಲ ಹತ್ತು ನಿಮಿಷ ಎಲ್ಲರೂ ಎರಡೂ ಮೂಲೆಯನ್ನು ಒಳಗೆ ತಳ್ಳಿ ಪೇಚಾಡಿದರು. ಒಬ್ಬಳಿಗೆ ಬಂತು. ಅವಳು ಪಕ್ಕದವನಿಗೆ ತೋರಿಸಿದಳು. ಅರ್ಧ ಗಂಟೆಯಲ್ಲಿ ಹದಿನೈದು ಮಕ್ಕಳಾದರೂ ಕಲಿತಿದ್ದರು. ನಾವು ಟೀಚರ್‌ಗಳು ಸುಮ್ನೆ ನೋಡುತ್ತ ಕೂತಿದ್ದೆವು.

ಒಬ್ಬ ಅಜ್ಜಿ ಅಟ್ಟದ ಮೇಲಿದ್ದ ಗೊರಬು ತಂದಿದ್ದರು. ಒಲೆಯ ಹೊಗೆ ಹಿಡಿದು ಕಪ್ಪಾಗಿತ್ತು. ಹೊಗೆಯ ವಾಸನೆಗೇ ಮಕ್ಕಳು ಮೂಗು ಅರಳಿಸಿದರು. ಅಜ್ಜಿ ಅದನ್ನು ನೆಲದ ಮೇಲೆ ಕವುಚಿ ಇಟ್ಟರು. ಒಬ್ಬ ಒಳಗೆ ನುಗ್ಗಿದ. ಮತ್ತೊಬ್ಬಳು ನುಗ್ಗಿದಳು. "ಮಿಸ್, ನಾವು ಆಮೆ." ಆಮೆ ಆಮೇಲೆ ಮನೆಯಾಯಿತು, ಆಮೇಲೆ ಬಸ್ ಸ್ಟ್ಯಾಂಡ್ ಆಯಿತು. ಒಬ್ಬ ಹುಡುಗ ಅದನ್ನು ತಲೆ ಮೇಲೆ ಹೊತ್ತು ನೆಟ್ಟಗೆ ನಿಲ್ಲಲು ನೋಡಿದ, ತೂಗಾಡಿದ. ಅಜ್ಜಿ ನಕ್ಕು ಅವನ ಬೆನ್ನು ತಟ್ಟಿದರು. "ನಿಲ್ಲಬಾರದು ಮಗಾ. ಬಗ್ಗಿ ಕೆಲಸ ಮಾಡಿದ್ರೆ ಮಾತ್ರ ಇದು ಗೊರಬು. ನೆಟ್ಟಗೆ ನಿಂತ್ರೆ ಬರೀ ಭಾರ."

ಆ ಮಾತು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ನಾನು ಇಷ್ಟು ವರ್ಷ ಮಕ್ಕಳಿಗೆ ಹೊರಿಸಿದ ಕಿರೀಟಗಳೆಲ್ಲ ನೆನಪಾದವು.

ಮಳೆ ಸ್ವಲ್ಪ ಕಡಿಮೆಯಾದಾಗ ಅಂಗಳಕ್ಕೆ ಇಳಿದೆವು. ಒಂದು ಮೂಲೆಯಲ್ಲಿ ಮಣ್ಣು ಕಲೆಸಿ ಕೆಸರು ಮಾಡಿಟ್ಟಿದ್ದೆವು. ಒಬ್ಬರು ನಾಟಿ ಮಾಡಿ ಉಳಿದ ಭತ್ತದ ಸಸಿಯ ನಾಲ್ಕು ಕಟ್ಟು ಕಳಿಸಿದ್ದರು. ಕೊಪ್ಪೆ ಹಾಕಿದ ಪುಟ್ಟ ಪುಟ್ಟ ಬೆನ್ನುಗಳು ಸಾಲಾಗಿ ಬಗ್ಗಿದವು. ಅಜ್ಜಿ ನಾಟಿ ಪದ ಶುರುಮಾಡಿ, ಅರ್ಧಕ್ಕೆ ಮರೆತು, ಬರೀ ರಾಗ ಎಳೆದರು. ಮಕ್ಕಳಿಗೆ ಅಷ್ಟೇ ಸಾಕಾಗಿತ್ತು. ಕಾಲು ಗಂಟೆಯ ಮೇಲೆ ಯಾರನ್ನೂ ಕೆಸರಲ್ಲಿ ಬಿಡಲಿಲ್ಲ. ಬಿಸಿನೀರಲ್ಲಿ ಕಾಲು ತೊಳೆಸಿ, ಬೆರಳ ಸಂದಿಯಲ್ಲಿ ಉಂಬಳ (ಜಿಗಣೆ) ಇದೆಯಾ ಅಂತ ನೋಡಿ, ಬೇರೆ ಬಟ್ಟೆ ಹಾಕಿಸಿ ಒಳಗೆ ಕರೆದುಕೊಂಡೆವು. ಆಮೇಲೆ ಬಿಸಿ ಬಿಸಿ ಹುರುಳಿ ಕಟ್ಟಿನ ಸಾರು, ಅನ್ನ. ಅಷ್ಟು ಊಟ ಮಾಡಿದ್ದನ್ನು ನಾನು ಬೇರೆ ಯಾವ ದಿನವೂ ನೋಡಿಲ್ಲ.

ಆ ದಿನಕ್ಕೆ ತಯಾರಿ ಕಡಿಮೆ ಇರಲಿಲ್ಲ. ಬದಲಿ ಬಟ್ಟೆ, ಟವೆಲ್, ಬಿಸಿನೀರು, ಹೆಚ್ಚಿಗೆ ಇಬ್ಬರು ದೊಡ್ಡವರು. ನೆಗಡಿ ಇದ್ದ ಮಕ್ಕಳು ಜಗಲಿಯಲ್ಲೇ ಕೂತು ಸಸಿ ಬಿಡಿಸಿ ಕೊಡುವ ಕೆಲಸ ಮಾಡಿದರು. ಮೊದಲೆಲ್ಲ ನಮ್ಮ ತಯಾರಿ ಪೂರ್ತಿ ವೇದಿಕೆ, ಬ್ಯಾನರ್, ಮೈಕಿಗೆ ಹೋಗುತ್ತಿತ್ತು. ಅದೇ ಶ್ರಮ ಇಲ್ಲಿಗೆ ತಿರುಗಿತು, ಅಷ್ಟೇ.

ಮುಖವಾಡದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಒಮ್ಮೆ ದಸರಾ ರಜೆಗೆ ಮೊದಲು ಒಬ್ಬ ಅಪ್ಪ ಮಕ್ಕಳನ್ನು ಖುಷಿಪಡಿಸಲು ಹುಲಿ ಮುಖವಾಡ ಹಾಕಿಕೊಂಡು ಬಾಗಿಲಲ್ಲಿ ನಿಂತರು. ತುಂಬ ಒಳ್ಳೆಯ ಮನಸ್ಸಿನಿಂದಲೇ ಬಂದಿದ್ದರು. ನರ್ಸರಿ ಮಕ್ಕಳು ಕಿಟಾರನೆ ಕಿರುಚಿದರು. ಜಾಸ್ತಿ ಕಿರುಚಿದ್ದು ಅವರ ಸ್ವಂತ ಮಗಳು. ಮುಖವಾಡ ತೆಗೆದು "ನಾನು ಕಣೇ, ಅಪ್ಪ" ಅಂದರೂ ಹತ್ತಿರ ಹೋಗಲಿಲ್ಲ.

ಅವಳದ್ದು ಹಟ ಅಂತ ಯಾರೋ ಅಂದರು. ಹಟ ಅಲ್ಲ ಅದು. ರೀಟಾ ಡಿವ್ರೀಸ್ ಅನ್ನುವ ಸಂಶೋಧಕಿ 1969ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. ಮೇನಾರ್ಡ್ ಅನ್ನುವ ಸಾಧು ಬೆಕ್ಕನ್ನು ಮೂರರಿಂದ ಆರು ವರ್ಷದ ಮಕ್ಕಳಿಗೆ ತೋರಿಸಿ, ಆಮೇಲೆ ಅದರ ಮುಖಕ್ಕೆ ನಾಯಿಯ ಮುಖವಾಡ ತೊಡಿಸಿದರು. ಬೆಕ್ಕಿನ ಬಾಲ, ಹಿಂಗಾಲು ಮಕ್ಕಳ ಕಣ್ಣ ಮುಂದೆಯೇ ಇದ್ದವು. ಆದರೂ ಮೂರು ವರ್ಷದ ಅನೇಕ ಮಕ್ಕಳಿಗೆ ಅದು ನಿಜವಾಗಿಯೂ ನಾಯಿಯೇ ಆಗಿಹೋಯಿತು. ಐದಾರು ವರ್ಷದವರು ಹಾಗೆ ಅಂದುಕೊಳ್ಳಲಿಲ್ಲ. ಅಂದರೆ ಆ ಪುಟ್ಟ ಹುಡುಗಿಗೆ ಬಾಗಿಲಲ್ಲಿ ಅಪ್ಪ ಮುಖವಾಡ ಹಾಕಿ ನಿಂತಿರಲಿಲ್ಲ. ಅಪ್ಪ ಹೋಗಿ ಹುಲಿ ಬಂದಿತ್ತು.

ಹಾಗಾಗಿ ನಾಲ್ಕು ವರ್ಷದ ಒಳಗಿನವರಿಗೆ ಮುಖ ಮುಚ್ಚುವ ಯಾವುದೂ ಬೇಡ ಅಂತ ನಿಲ್ಲಿಸಿದ್ದೇವೆ. ಟೊಪ್ಪಿಗೇ ಕಿವಿ ಹೊಲಿದರೆ ಹುಲಿ, ಬಾಲ ಸಿಕ್ಕಿಸಿದರೆ ಮಂಗ. ಮುಖ ಅವರದ್ದೇ ಇರುತ್ತೆ. ಯಾರಾದರೂ ದೊಡ್ಡವರು ವೇಷದಲ್ಲಿ ಬರುವುದಿದ್ದರೆ ಮಕ್ಕಳ ಎದುರಿಗೇ ಕೂತು ಹಾಕಿಕೊಳ್ಳಬೇಕು. ಹಾಕಿ, ತೆಗೆದು, ಮತ್ತೆ ಹಾಕಿ. ಮಕ್ಕಳು ಮುಟ್ಟಿ ನೋಡಲಿ. ಮೂರನೇ ಸಲಕ್ಕೆ ಅವರೇ "ಈಗ ಹುಲಿ ಆಗು, ಈಗ ಮಾಮ ಆಗು" ಅಂತ ಶುರುಮಾಡುತ್ತಾರೆ.

ಬಣ್ಣದ ದಿನಗಳ ಬಗ್ಗೆ ನನಗೆ ಹೇಳಲು ಜಾಸ್ತಿ ಇಲ್ಲ. ಹಳದಿ ದಿನ, ಕೆಂಪು ದಿನ ಅಂತ ಎಲ್ಲ ಕಡೆ ಮಾಡುತ್ತಾರೆ. ಹಿಂದಿನ ರಾತ್ರಿ ಒಂಬತ್ತಕ್ಕೆ ಹಳದಿ ಅಂಗಿ ಹುಡುಕುತ್ತ ಅಂಗಡಿ ಬೀದಿ ಅಲೆಯುವ ಅಪ್ಪ ಅಮ್ಮಂದಿರನ್ನು ನೋಡಿದ್ದೇನೆ. ಒಂದು ಹೂವು, ಒಂದು ರಿಬ್ಬನ್, ಒಂದು ಎಲೆ ತಂದರೂ ಸಾಕು ಅಂತ ಈಗ ಬರೆಯುತ್ತೇವೆ.

ಕೆಲಸ ಮಾಡುವವರ ವೇಷದ ದಿನ ಮಾತ್ರ ಬೇರೆಯೇ. ಪೊಲೀಸ್, ಡಾಕ್ಟರ್, ಸೈನಿಕ ಅಂತ ಪಟ್ಟಿ ಕೊಡುತ್ತಿದ್ದೆವು ಮೊದಲು. ಈಗ ಮಗುವನ್ನೇ ಕೇಳುತ್ತೇವೆ, ನಿಮ್ಮ ಮನೆಯವರು ಏನು ಕೆಲಸ ಮಾಡುತ್ತಾರೆ, ನೀನು ಯಾರಾಗ್ತೀಯ ಅಂತ. ಅಡಿಕೆ ಸುಲಿಯುವ ಅಮ್ಮ ಬಂದರು. ಹಾಲಿನ ಡೇರಿಯ ಅಪ್ಪ, ಗ್ಯಾರೇಜಿನ ಮಾವ ಬಂದರು. ಪೌರಕಾರ್ಮಿಕರಾಗಿರುವ ತಾಯಿಯೊಬ್ಬರು ತಮ್ಮ ಕೋಟು, ಕೈಗವಸು ತಂದು ಹಸಿ ಕಸ ಒಣ ಕಸ ಹೇಗೆ ಬೇರೆ ಮಾಡೋದು ಅಂತ ತೋರಿಸಿದರು. ಅವರ ಮಗಳು ಅವತ್ತು ಇಡೀ ದಿನ ತರಗತಿಯ ಮುಂದಾಳು. ಯಾರ ಸಿಪ್ಪೆ ಎಲ್ಲಿಗೆ ಹೋಗಬೇಕು ಅಂತ ಅವಳು ಹೇಳಿದ್ದೇ ಕೊನೆ. ಆ ತಾಯಿ ಕಿಟಕಿಯ ಹತ್ತಿರ ನಿಂತು ನೋಡುತ್ತಿದ್ದರು. ಅವರ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಎಲ್ಲಕ್ಕಿಂತ ಬೇಡಿಕೆ ಇರೋದು ಕಂಡಕ್ಟರ್ ಚೀಲಕ್ಕೆ. ಒಂದು ಹಳೇ ಚರ್ಮದ ಚೀಲ, ಒಂದು ಸೀಟಿ ಇಲ್ಲದ ದಾರ, ಹಳೇ ಕ್ಯಾಲೆಂಡರ್ ಕತ್ತರಿಸಿ ಮಾಡಿದ ಟಿಕೆಟ್. ಕುರ್ಚಿಗಳನ್ನು ಎರಡು ಸಾಲು ಇಟ್ಟರೆ ಬಸ್ಸು. "ಜೋಗ, ತಾಳಗುಪ್ಪ, ಜೋಗ, ಜೋಗ… ರೈಟ್ ರೈಟ್!" ಸೀಟಿ ಬೇಕಿಲ್ಲ, ಬಾಯಲ್ಲೇ ಊದುತ್ತಾರೆ. ಒಬ್ಬ ಹುಡುಗ ಹುಡುಗಿಯರ ಹತ್ತಿರ ದುಡ್ಡು ಕೇಳಲೇ ಇಲ್ಲ. "ಹೆಂಗಸ್ರಿಗೆ ಫ್ರೀ, ಆಧಾರ್ ತೋರ್ಸಿ" ಅಂದ. ಶಕ್ತಿ ಯೋಜನೆ ಶುರುವಾಗಿದ್ದು 2023ರ ಜೂನ್‌ನಲ್ಲಿ. ಇದಾಗಿದ್ದು ಅದೇ ವರ್ಷ ನವೆಂಬರ್‌ನಲ್ಲಿ. ಮಕ್ಕಳು ಲೋಕವನ್ನು ಎಷ್ಟು ಹತ್ತಿರದಿಂದ ನೋಡುತ್ತಿರುತ್ತಾರೆ ಅಲ್ವಾ.

ಅವನು ಸಾಮಾನ್ಯವಾಗಿ ಐದು ನಿಮಿಷ ಒಂದು ಕಡೆ ಕೂರುವವನಲ್ಲ. ಅವತ್ತು ನಲವತ್ತು ನಿಮಿಷ ಆ ಬಸ್ಸು ಬಿಟ್ಟು ಇಳಿಯಲಿಲ್ಲ. ಟಿಕೆಟ್ ಎಣಿಸಿದ, ಚಿಲ್ಲರೆ ಕೊಟ್ಟ, ಜಗಳ ಬಿಡಿಸಿದ. 2017ರಲ್ಲಿ ಅಮೆರಿಕದ ಸಂಶೋಧಕರು ನಾಲ್ಕು ಮತ್ತು ಆರು ವರ್ಷದ 180 ಮಕ್ಕಳ ಮೇಲೆ ಮಾಡಿದ ಅಧ್ಯಯನ ಪ್ರಕಟವಾಯಿತು. ಬೇಸರ ತರಿಸುವ ಒಂದು ಕೆಲಸ ಕೊಟ್ಟು, ಬೇಕಾದಾಗ ಬಿಟ್ಟು ಆಟಕ್ಕೆ ಹೋಗಬಹುದು ಅಂದಿದ್ದರು. ಬ್ಯಾಟ್‌ಮ್ಯಾನ್ ತರದ ತಮಗಿಷ್ಟದ ಪಾತ್ರವಾಗಿ, ಅದರ ಉಡುಪಿನದ್ದೇನೋ ಒಂದು ತೊಟ್ಟು ಕೂತ ಮಕ್ಕಳು ಉಳಿದವರಿಗಿಂತ ಹೆಚ್ಚು ಹೊತ್ತು ಕೆಲಸ ಬಿಡಲಿಲ್ಲ. ಆಟದಲ್ಲಿ ಮಗು ತನಗಿಂತ ಒಂದು ತಲೆ ಎತ್ತರ ಇರುತ್ತೆ ಅಂತ ರಷ್ಯಾದ ಮನಃಶಾಸ್ತ್ರಜ್ಞ ವೈಗಾಟ್‌ಸ್ಕಿ 1933ರಲ್ಲೇ ಹೇಳಿದ್ದರು. ಚರ್ಮದ ಚೀಲ ಹೆಗಲಿಗೆ ಬಿದ್ದ ಕೂಡಲೇ ಆ ಹುಡುಗ ಎತ್ತರ ಆಗಿದ್ದನ್ನು ನಾನೇ ನೋಡಿದೆ.

ರಾಜ್ಯೋತ್ಸವಕ್ಕೆ ಓಬವ್ವ, ಚೆನ್ನಮ್ಮ, ರಾಯಣ್ಣ ಬೇಕೇ ಬೇಕು ಅಂತ ಮನೆಯವರ ಆಸೆ. ಅದು ತಪ್ಪಲ್ಲ. ಆದರೆ ನಾಲ್ಕು ವರ್ಷದ ಮಗುವಿಗೆ ದೊಡ್ಡ ಡೈಲಾಗ್ ಬಾಯಿಪಾಠ ಮಾಡಿಸಿ, ಅದು ಮಧ್ಯದಲ್ಲಿ ಮರೆತು ಅಮ್ಮನ ಕಡೆ ನೋಡುವ ಆ ನೋಟ ಇದೆಯಲ್ಲ, ಅದನ್ನು ನಾನು ಇನ್ನು ನೋಡಲಾರೆ. ಈಗ ಚಿತ್ರದುರ್ಗದ ಕಿಂಡಿಯನ್ನೇ ಮಾಡುತ್ತೇವೆ. ಫ್ರಿಜ್ಜಿನ ರಟ್ಟಿನ ಪೆಟ್ಟಿಗೆಯಲ್ಲಿ ತೂತು ಕೊರೆದರೆ ಕಿಂಡಿ. ನ್ಯೂಸ್ ಪೇಪರ್ ಸುತ್ತಿದರೆ ಒನಕೆ. ಎಲ್ಲರೂ ಸರದಿಯಲ್ಲಿ ಓಬವ್ವ, ಎಲ್ಲರೂ ಸರದಿಯಲ್ಲಿ ತೆವಳುವ ಸೈನಿಕರು. ನೀರಿಗೆ ಹೋದ ಓಬವ್ವ ಕಿಂಡಿಯಲ್ಲಿ ಸದ್ದು ಕೇಳಿಸಿಕೊಳ್ಳಬೇಕು, ಕಾಗದದ ಒನಕೆಯಿಂದ ಬೆನ್ನು ಮುಟ್ಟಬೇಕು, ಮುಟ್ಟಿಸಿಕೊಂಡವರು ಪಕ್ಕಕ್ಕೆ ಕೂರಬೇಕು. ಹುಡುಗರೂ ಓಬವ್ವ ಆಗುತ್ತಾರೆ. ಸೆರಗು ಸಿಕ್ಕಿಸಿಕೊಳ್ಳೋದನ್ನು ಅವರೇ ಕಲಿಯುತ್ತಾರೆ.

ಕೆಲವನ್ನು ಪೂರ್ತಿ ಬಿಟ್ಟಿದ್ದೇವೆ. ಹಿಂದೆ ಛದ್ಮವೇಷದಲ್ಲಿ ಭಿಕ್ಷುಕ, ಹುಚ್ಚ ಅಂತ ವೇಷ ಹಾಕಿಸಿ ಜನ ನಗುತ್ತಿದ್ದರು. ಕಾಡಿನ ಜನ ಅಂತ ಮುಖಕ್ಕೆ ಕಪ್ಪು ಬಳಿದು, ಎಲೆ ಕಟ್ಟಿ ಕುಣಿಸುತ್ತಿದ್ದರು. ನಮ್ಮ ಪಕ್ಕದ ಉತ್ತರ ಕನ್ನಡದಲ್ಲಿ ಆಫ್ರಿಕಾ ಮೂಲದ ಸಿದ್ದಿ ಜನ ಇದ್ದಾರೆ, ಯಲ್ಲಾಪುರ, ಹಳಿಯಾಳದ ಕಡೆ. ಅವರ ಮಕ್ಕಳೂ ಶಾಲೆಗೆ ಬರುತ್ತಾರೆ. ಆ ಮಗು ನಿಮ್ಮ ತರಗತಿಯಲ್ಲಿ ಮುಂದಿನ ಸಾಲಲ್ಲಿ ಕೂತು ಈ ಕುಣಿತ ನೋಡುತ್ತಿದೆ ಅಂದುಕೊಳ್ಳಿ. ನನಗೆ ಅಷ್ಟು ಯೋಚಿಸಿದ್ದೇ ಸಾಕಾಯಿತು. ಇನ್ನೊಬ್ಬರ ಮೈಬಣ್ಣ, ಇನ್ನೊಬ್ಬರ ಕಷ್ಟ ನಮ್ಮ ಮಕ್ಕಳಿಗೆ ವೇಷ ಆಗಬಾರದು.

ವೇಷ ಬೇಡ ಅನ್ನುವ ಮಕ್ಕಳೂ ಇರುತ್ತಾರೆ. ಜರಿ ಚುಚ್ಚುತ್ತೆ, ಟೊಪ್ಪಿ ಬಿಗಿಯುತ್ತೆ, ಎಲ್ಲರೂ ನೋಡೋದು ಇಷ್ಟವಾಗಲ್ಲ. ಒಬ್ಬಳು ಎರಡು ವರ್ಷ ಏನೂ ಹಾಕಿಕೊಳ್ಳಲಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕದ ಪ್ರಯಾಣಿಕಳಾಗಿ ಕೂತಿದ್ದಳು. ನಾವು ಒತ್ತಾಯ ಮಾಡಲಿಲ್ಲ. ಯುಕೆಜಿಗೆ ಬಂದ ಮೇಲೆ ಒಂದು ದಿನ ಯಾರೂ ಇಲ್ಲದಾಗ ಪೆಟ್ಟಿಗೆಯಿಂದ ಪೇಟ ತೆಗೆದು ಹಾಕಿಕೊಂಡು ಕನ್ನಡಿ ನೋಡುತ್ತಿದ್ದಳು. ನಾನು ಬಾಗಿಲಿಂದಲೇ ವಾಪಸ್ ಬಂದೆ.

ಪೆಟ್ಟಿಗೆ ಅಂದೆನಲ್ಲ, ಅದು ನಮ್ಮ ವೇಷದ ಪೆಟ್ಟಿಗೆ. ವರ್ಷವಿಡೀ ತರಗತಿಯ ಮೂಲೆಯಲ್ಲಿರುತ್ತೆ. ತೋಳು ಮೋಟು ಮಾಡಿದ ಅಪ್ಪಂದಿರ ಹಳೇ ಅಂಗಿ, ಹತ್ತಿಯ ದುಪಟ್ಟಾ, ಗಾಜಿಲ್ಲದ ಕನ್ನಡಕ, ಹಳೇ ಪೇಟ, ಕಂಬಳಿಯ ತುಂಡು, ಕೈಚೀಲಗಳು. ಯಾವುದರಲ್ಲೂ ಪಿನ್ ಇಲ್ಲ. ಸೊಂಟಕ್ಕೆ ಎಲಾಸ್ಟಿಕ್, ಎದೆಗೆ ದೊಡ್ಡ ಗುಂಡಿ. ಕುತ್ತಿಗೆಗೆ ಕಟ್ಟುವ ದಾರ ಒಂದೂ ಇಲ್ಲ. ಎಲ್ಲಾದರೂ ಸಿಕ್ಕಿಕೊಂಡರೆ ಅಪಾಯ ಅಂತ ವೆಲ್ಕ್ರೊ ಹಚ್ಚಿದ್ದೇವೆ. ಅಂಚು ಪಾದದ ಗಂಟಿನ ಮೇಲೇ ನಿಲ್ಲಬೇಕು. ನೈಲಾನ್ ಬಟ್ಟೆ ಬೇಡ ಅಂದಿದ್ದೇವೆ. ವೇಷದ ದಿನ ಮಕ್ಕಳ ಹತ್ತಿರ ದೀಪ ಹಚ್ಚುವುದನ್ನೂ ಬಿಟ್ಟಿದ್ದೇವೆ. ಹೇನಿನ ಕಾಟ ಇರುವುದರಿಂದ ಟೊಪ್ಪಿ ಮಾತ್ರ ಒಬ್ಬರದ್ದು ಒಬ್ಬರಿಗೆ. ಉಳಿದದ್ದನ್ನು ಹದಿನೈದು ದಿನಕ್ಕೊಮ್ಮೆ ಆಯಮ್ಮ ಒಗೆದು ಬಿಸಿಲಿಗೆ ಹಾಕುತ್ತಾರೆ.

1939ರಲ್ಲಿ ಭಾರತಕ್ಕೆ ಬಂದು ವರ್ಷಗಟ್ಟಲೆ ಇಲ್ಲಿ ಶಿಕ್ಷಕರಿಗೆ ತರಬೇತಿ ಕೊಟ್ಟ ಮಾರಿಯಾ ಮಾಂಟೆಸ್ಸರಿಯವರ ಸಾಮಗ್ರಿಗಳಲ್ಲಿ ಗುಂಡಿ, ಕೊಕ್ಕೆ, ಲಾಡಿ ಹಚ್ಚಿದ ಮರದ ಚೌಕಟ್ಟುಗಳಿವೆ. ಮಗು ಅದರಲ್ಲಿ ಹಾಕಿ ತೆಗೆದು ಅಭ್ಯಾಸ ಮಾಡುತ್ತೆ. ನಮ್ಮಲ್ಲಿ ಆ ಚೌಕಟ್ಟು ಇಲ್ಲ, ಈ ಪೆಟ್ಟಿಗೆ ಇದೆ. ಜೂನ್‌ನಲ್ಲಿ ಗುಂಡಿ ಹಾಕಲು ಬಾರದ ಮಗು ಬೇಗ ಬಸ್ಸು ಹತ್ತಬೇಕು ಅನ್ನುವ ಅವಸರಕ್ಕೇ ಆಗಸ್ಟ್ ಹೊತ್ತಿಗೆ ಕಲಿತಿರುತ್ತೆ.

ಬಹುಮಾನ ನಿಲ್ಲಿಸಿದಾಗ ಕೆಲವು ಮನೆಯವರಿಗೆ ಬೇಸರವಾಯಿತು. "ಕಷ್ಟಪಟ್ಟು ರೆಡಿ ಮಾಡ್ತೀವಿ, ಒಂದು ಗುರುತು ಬೇಡ್ವಾ ಮಿಸ್?" ಅಂದರು. ಆದರೆ ಬಹುಮಾನ ಹೋಗುತ್ತಿದ್ದುದು ಜಾಸ್ತಿ ಬಾಡಿಗೆ ಕೊಟ್ಟ ಮನೆಗೆ, ಇಲ್ಲವೇ ಹೊಲಿಗೆ ಬರುವ ಅಮ್ಮನಿಗೆ. ಮಗು ಗೆದ್ದಿದ್ದು ಏನು? ಫೋಟೋದ ಆಸೆ ನನಗೆ ಅರ್ಥವಾಗುತ್ತೆ. ನನ್ನ ಮನೆಯ ಗೋಡೆಯಲ್ಲೂ ಅಂಥ ಫೋಟೋ ಇದೆ. ಅದಕ್ಕೇ ಬೆಳಿಗ್ಗೆ ಕಾಲು ಗಂಟೆ ಫೋಟೋಗೆ ಅಂತ ಇಟ್ಟಿದ್ದೇವೆ. ಆಮೇಲೆ ಫೋನ್‌ಗಳು ಚೀಲಕ್ಕೆ ಹೋಗುತ್ತವೆ. ಉಳಿದ ಹೊತ್ತು ಮಕ್ಕಳದ್ದು.

ಕೃಷ್ಣಾಷ್ಟಮಿಯನ್ನು ಬಿಟ್ಟಿಲ್ಲ. ಅದನ್ನು ಬಿಡಲು ನನಗೆ ಮನಸ್ಸಿಲ್ಲ. ಈಗ ಎಲಾಸ್ಟಿಕ್ ಹಾಕಿದ ಹಳದಿ ಹತ್ತಿ ಪೈಜಾಮ, ತಲೆಗೆ ಒಂದು ಬಟ್ಟೆ ಪಟ್ಟಿ, ಅದರಲ್ಲಿ ನವಿಲುಗರಿ. ಮೈಗೆ ಬಣ್ಣ ಇಲ್ಲ. ನಡುವೆ ಒಂದು ಮಡಕೆ ಮೊಸರು, ಒಂದು ಕಡೆಗೋಲು. ಇಬ್ಬಿಬ್ಬರು ಹಗ್ಗದ ಒಂದೊಂದು ತುದಿ ಹಿಡಿದು ಎಳೆಯುತ್ತಾರೆ. ಬೆಣ್ಣೆ ತೇಲಿದಾಗ ಏಳುವ ಆ ಕೂಗು ರಸ್ತೆಗೆ ಕೇಳಿಸುತ್ತೆ. ಕೈ ಎಟುಕುವ ಎತ್ತರದಲ್ಲಿ ಅವಲಕ್ಕಿ ತುಂಬಿದ ಪುಟ್ಟ ಕುಡಿಕೆ. ಯಾರಿಗೆ ಸುಸ್ಸು ಬಂದರೂ ತಾವೇ ಓಡುತ್ತಾರೆ, ತಾವೇ ವಾಪಸ್ ಬರುತ್ತಾರೆ.

ಈ ಜುಲೈಗೆ ಮತ್ತೆ ಮಳೆ ವೇಷ. ಹಾಳೆ ಟೊಪ್ಪಿ ಹೊಲಿದು ಕೊಡುತ್ತಿದ್ದ ಅಜ್ಜನಿಗೆ ಈಗ ಕೈ ನಡುಗುತ್ತೆ. ಕಳೆದ ಭಾನುವಾರ ಅವರ ಮನೆಗೆ ಹೋಗಿ ಕಲಿತು ಬಂದೆ. ಹಾಳೆಯನ್ನು ರಾತ್ರಿಯಿಡೀ ನೀರಲ್ಲಿ ನೆನೆಸಬೇಕು, ಮೆತ್ತಗಾದ ಮೇಲೆ ನಿಧಾನ ಮಡಚಬೇಕು, ಅವಸರ ಮಾಡಿದರೆ ಸೀಳುತ್ತೆ. ನನ್ನ ಮೊದಲಿನ ಎರಡು ಸೀಳಿದವು. ಮೂರನೆಯದನ್ನು ಅಜ್ಜ ತಮ್ಮ ತಲೆಗೇ ಇಟ್ಟು ನೋಡಿ, "ಮಕ್ಕಳಿಗೆ ಇನ್ನೂ ಸಣ್ಣ ಆಗ್ಬೇಕು" ಅಂದರು. ಮಳೆ ಹಿಡಿದ ಮೇಲೆ ಬಿದ್ದ ಹಾಳೆಗೆ ಬೂಸ್ಟು ಬರುತ್ತೆ, ಒಣಗಿರುವಾಗಲೇ ಆರಿಸಿಡಬೇಕು. ತೋಟದಿಂದ 14 ಹಾಳೆ ತಂದು ಜಗಲಿಯಲ್ಲಿ ಜೋಡಿಸಿದ್ದೇನೆ. ಇನ್ನೂ ಎಂಟು ಬೇಕು.